ತೊಲೆಗೆ ಗುರುತು ಹಾಕುವುದನ್ನು ಮೊದಲು ಕಲಿ

ಬೆಳಗಾವಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಸಿವಿಲ್ ಪದವಿ ಮುಗಿದ ಮೇಲೆ ನಮ್ಮ ಮರಗೆಲಸದ ಕಾರ್ಖಾನೆಗೇ ಬಂದು ಲೆಕ್ಕಪತ್ರವನ್ನೂ ಗಿರಾಕಿಗಳ ವ್ಯವಹಾರವನ್ನೂ ನೋಡಿಕೊಳ್ಳುವುದಾಗಿ ನೀನು ಬರೆದದ್ದನ್ನು ಓದಿ ನನಗೂ ನಿನ್ನ ಅವ್ವನಿಗೂ ಬಹಳ ಸಂತೋಷವಾಯಿತು. ಆದರೆ ನೀನು ಮೊದಲು ನಿಲ್ಲಬೇಕಾದದ್ದು ಗಲ್ಲಾದ ಹತ್ತಿರ ಅಲ್ಲ, ತೊಲೆಗಳಿಗೆ ಗುರುತು ಹಾಕುವ ಅಂಗಳದಲ್ಲಿ ಎಂಬುದು ನನ್ನ ಇಚ್ಛೆ. ಅದು ಏಕೆಂದು ತಿಳಿಯಲಿ ಎಂದು ಇಲ್ಲಿಯ ದಿನದ ಕೆಲಸವನ್ನು ಬರೆಯುತ್ತಿದ್ದೇನೆ.

ದಿಮ್ಮಿಗಳ ಲಾರಿ ಬಂದ ದಿನ ಮೊದಲು ಅರಣ್ಯ ಇಲಾಖೆಯ ರಹದಾರಿಯನ್ನು, ಅಂದರೆ ಸಾಗಣೆಯ ಪರವಾನಗಿಯನ್ನು ನೋಡಿ, ಅದರಲ್ಲಿರುವ ಗುರುತುಗಳು ದಿಮ್ಮಿಗಳ ಮೇಲೆ ಸುತ್ತಿಗೆಯಿಂದ ಒತ್ತಿದ ಹ್ಯಾಮರ್ ಗುರುತಿಗೆ ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸುತ್ತೇವೆ. ಆಮೇಲೆ ಅಳತೆ. 10 ಅಡಿ ಉದ್ದದ ದಿಮ್ಮಿಯ ನಡುವಿನ ಸುತ್ತಳತೆ 48 ಅಂಗುಲವಿದ್ದರೆ, ಅದರ ಕಾಲು ಭಾಗವಾದ 12 ಅಂಗುಲವನ್ನು, ಅಂದರೆ 1 ಅಡಿಯನ್ನು ವರ್ಗ ಮಾಡಿ ಉದ್ದದಿಂದ ಗುಣಿಸಿ 10 ಘನ ಅಡಿ ಎಂದು ಬರೆದುಕೊಳ್ಳುತ್ತೇವೆ. ನಿನ್ನ ಕಾಲೇಜಿನ ಲೆಕ್ಕದಲ್ಲಿ ಅದೇ ದಿಮ್ಮಿ 12.7 ಘನ ಅಡಿ ಬರುತ್ತದೆ. ಎರಡೂ ಸರಿಯೇ. ದುಂಡು ಮರವನ್ನು ಚೌಕ ಮಾಡುವಾಗ ಹೋಗುವ ಹೊರಮೈಯ ಬೆನ್ನುಹಲಗೆಗಾಗಿ ವ್ಯಾಪಾರದ ಲೆಕ್ಕ ಮೊದಲೇ ಅಷ್ಟನ್ನು ಬಿಟ್ಟುಕೊಟ್ಟಿರುತ್ತದೆ.

ಕೊಯ್ದ ತೊಲೆಯನ್ನು ಓದುವುದು ಇದಕ್ಕಿಂತ ಕಷ್ಟ. ಒಳಗಿನ ಗಟ್ಟಿ ಮರವಾದ ಕೆಚ್ಚು ಎಷ್ಟಿದೆ, ಗೆದ್ದಲಿಗೆ ಬೇಗ ತುತ್ತಾಗುವ ಬಿಳಿಭಾಗ ಎಲ್ಲಿದೆ, ಮರದ ನಾರಿನ ಎಳೆ ನೇರವಾಗಿದೆಯೋ ತಿರುಚಿದೆಯೋ ಎಂಬುದನ್ನೆಲ್ಲ ನೋಡಿದ ನಂತರವೇ ಯಾವ ಮುಖ ಮೇಲೆ ಎಂದು ತೀರ್ಮಾನಿಸುತ್ತೇವೆ. ತುಸು ಬಿಲ್ಲಾಗಿರುವ ತೊಲೆಯ ಉಬ್ಬು ಮೇಲಕ್ಕಿರಬೇಕು. ಭಾರ ಬಿದ್ದಾಗ ತೊಲೆಯ ಕೆಳಗಿನ ಅಂಚು ಎಳೆತಕ್ಕೆ ಒಳಗಾಗುವುದರಿಂದ, ನಡುಭಾಗದ ಆ ಅಂಚಿನಲ್ಲಿ ದೊಡ್ಡ ಗಂಟು ಇರಬಾರದು, ಯಾರೂ ಅಲ್ಲಿ ಕಚ್ಚು ತೆಗೆಯಲೂಬಾರದು. 6 ಅಂಗುಲ ಅಗಲ, 8 ಅಂಗುಲ ಎತ್ತರವಾಗಿ ನಿಲ್ಲಬೇಕಾದ ತೊಲೆಯನ್ನು ಅಡ್ಡ ಮಲಗಿಸಿದರೆ ಅದೇ ಭಾರಕ್ಕೆ ಸುಮಾರು ಒಂದೂಮುಕ್ಕಾಲು ಪಟ್ಟು ಬಾಗುತ್ತದೆ. ಇದರ ಸೂತ್ರ ನಿನಗೆ ಗೊತ್ತಿದೆ. ಆದರೆ ಗಂಟು ಎಲ್ಲಿದೆ ಎಂದು ಸೂತ್ರ ಹೇಳುವುದಿಲ್ಲ, ಅದನ್ನು ಕಣ್ಣಿನಿಂದಲೇ ನೋಡಬೇಕು.

ನಾನು ಹೆಚ್ಚು ಚಿಂತಿಸುವುದು ಒಣಗುವಿಕೆಯ ಬಗ್ಗೆ. ಮರ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ, ಅದರಲ್ಲೂ ವಾರ್ಷಿಕ ಬಳೆಗಳ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡು ಪಟ್ಟು ಇರುತ್ತದೆ. ದಪ್ಪ ತೊಲೆಯ ಮೈ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿರುತ್ತದೆ. ಖಾನಾಪುರದ ಮಳೆಗಾಲದ ಗಾಳಿಯಲ್ಲಿ ಬಿಗಿಯಾಗಿ ಕೂತ ಸಂದು ವಿಜಯಪುರದ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಆದ್ದರಿಂದ ಕೆಲಸ ಯಾವ ಊರಿಗೆ ಹೋಗುತ್ತದೆ ಎಂಬುದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಕೇಳುತ್ತೇನೆ. ಇದೇ ಕಾರಣಕ್ಕೆ, ಗೂಟಕ್ಕಾಗಿ ಕಂಬದಲ್ಲಿ ಕೊರೆದ ತೂತಿಗಿಂತ, ಕಂಬದೊಳಗೆ ಕೂರುವ ತೊಲೆಯ ತೆಳು ತುದಿಯಾದ ನಾಲಿಗೆಯ ತೂತನ್ನು ಹೆಗಲಿನ, ಅಂದರೆ ನಾಲಿಗೆ ಶುರುವಾಗುವ ಮೆಟ್ಟಿಲಿನ ಕಡೆಗೆ ಸುಮಾರು 3 ಮಿಲಿಮೀಟರ್ ಸರಿಸಿ ಕೊರೆಯುತ್ತೇವೆ. ಚೆನ್ನಾಗಿ ಒಣಗಿದ ಗೂಟವನ್ನು ಬಡಿದಾಗ ಅದು ನಾಲಿಗೆಯನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಆ ಗೂಟವನ್ನು ಗರಗಸದಿಂದ ಕೊಯ್ಯದೆ ಎಳೆಯ ಗುಂಟ ಸೀಳಿ ತೆಗೆಯಬೇಕು. ಎಳೆ ಅಡ್ಡ ಕತ್ತರಿಸಿಹೋದ ಗೂಟ ಆ ಎಳೆತಕ್ಕೆ ಮುರಿಯುತ್ತದೆ.

ಇಷ್ಟನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಗುರುತು ಹಾಕಬೇಕು. ಯಾವ ತೊಲೆಯೂ ಪೂರ್ತಿ ಚೌಕವಾಗಿ ಬರುವುದಿಲ್ಲವಾದ್ದರಿಂದ ನಮ್ಮ ದೊಡ್ಡ ಬಡಿಗ ಕಾಕಾ ಮೊದಲು ದಾರ ಹೊಡೆದು ನಡುಗೆರೆ ಎಳೆದು, ಎಲ್ಲ ಅಳತೆಗಳನ್ನೂ ಆ ಗೆರೆಯಿಂದಲೇ ಹಿಡಿಯುತ್ತಾರೆ. ಮೂಲೆಮಟ್ಟವನ್ನು ಯಾವಾಗಲೂ ಆಯ್ದ ಮುಖಕ್ಕೇ ಒತ್ತುತ್ತಾರೆ. ಪ್ರತಿ ಸಂದಿನ ಎರಡೂ ಬದಿಗೆ ಉಳಿಯಿಂದ ಒಂದೇ ಅಂಕಿ ಕೆತ್ತುತ್ತಾರೆ, ಏಕೆಂದರೆ ಈ ಕಂಬದ ನಾಲಿಗೆ ಪಕ್ಕದ ತೊಲೆಗೆ ಕೂಡುವುದಿಲ್ಲ. ಕೊಯ್ಯುವುದಕ್ಕೂ ಕೊರೆಯುವುದಕ್ಕೂ ಯಂತ್ರಗಳಿವೆ. ಗೆರೆ ತಪ್ಪಿದ್ದರೆ ಅವು ಅಷ್ಟೇ ವೇಗದಲ್ಲಿ ಮರವನ್ನು ಕೆಡಿಸುತ್ತವೆ.

ಎತ್ತುವ ಕೆಲಸದ ಬಗ್ಗೆ ಅವ್ವ ಹೆದರುತ್ತಾಳೆ. 6 ಅಂಗುಲ, 8 ಅಂಗುಲದ, 15 ಅಡಿ ಉದ್ದದ ಸಾಗವಾನಿ ತೊಲೆ 5 ಘನ ಅಡಿ, ಅಂದರೆ 90 ಕಿಲೋ ಆಸುಪಾಸು ತೂಗುತ್ತದೆ. ಚೈನ್ ಪುಲ್ಲಿ ಇಲ್ಲದೆ ಅದನ್ನು ಇಲ್ಲಿ ಯಾರೂ ಎತ್ತುವುದಿಲ್ಲ, ತೂಗುವ ತೊಲೆಯ ಕೆಳಗೆ ಯಾರೂ ನಿಲ್ಲುವುದಿಲ್ಲ. ಇದನ್ನು ಅವಳಿಗೆ ನೀನೂ ಹೇಳು.

ಈಗ ಒಂದು ಹಳೆಯ ವಾಡೆಯ, ಅಂದರೆ ದೊಡ್ಡ ಮನೆಯ ದುರಸ್ತಿ ನಡೆದಿದೆ. ಮಣ್ಣಿನ ಗೋಡೆಯೊಳಗೆ ಹುದುಗಿದ ತೊಲೆಗಳ ತುದಿಗಳು ಮೇಲಿನಿಂದ ಇಳಿದ ನೀರಿಗೆ ಕೊಳೆತಿವೆ, ಉಳಿದ ಮೈಯೆಲ್ಲ ಗಟ್ಟಿಯಾಗಿದೆ. ಐಹೊಳೆಯ ಲಾಡಖಾನ ಗುಡಿಯ ಮೇಲೆ ಚಪ್ಪಡಿಗಳ ಸಂದುಗಳನ್ನು ಮುಚ್ಚಿರುವ ಉದ್ದನೆಯ ಕಲ್ಲಿನ ಪಟ್ಟಿಗಳು ಮರದ ಚಾವಣಿಯ ಕೆಲಸವನ್ನೇ ನೆನಪಿಸುತ್ತವೆ. ಸಂದಿಗೆ ನೀರು ತಾಗಬಾರದು ಎಂಬ ಅದೇ ಎಚ್ಚರ ಈ ವಾಡೆಯಲ್ಲಿ ತಪ್ಪಿತ್ತು. ಇಡೀ ತೊಲೆಗಳನ್ನು ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಕೊಳೆತ ತುದಿಯನ್ನಷ್ಟೇ ತೆಗೆದು, ಓರೆಯಾಗಿ ಕಚ್ಚು ಮಾಡಿ ಹೊಸ ಮರವನ್ನು ಬೆಸೆಯಬೇಕೆಂದಿದ್ದೇನೆ. ಆ ಜೋಡಣೆ ಗೋಡೆಯಿಂದ ಎಷ್ಟು ದೂರದಲ್ಲಿರಬೇಕು, ಅಲ್ಲಿ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ನೀನು ಲೆಕ್ಕ ಹಾಕಿ ಕಳಿಸು. ಎರಡು ಗೋಡೆಗಳ ನಡುವಿನ ಅಂತರ 12 ಅಡಿ, ಮೇಲೆ ಜಂತಿ, ಹಲಗೆ ಮತ್ತು ಮಾಳಿಗೆಗೆ ಹೊದಿಸಿದ ಮೇಲ್ಮುದ್ದೆಯ ಮಣ್ಣಿದೆ. ಪರೀಕ್ಷೆ ಮುಗಿದ ಮೇಲೆಯೇ ಮಾಡು, ಅವಸರವಿಲ್ಲ. ನೀನು ಬಂದ ಮೇಲೆ ಕಾಕಾ ನಿನ್ನನ್ನು ಜೊತೆಗಿಟ್ಟುಕೊಂಡೇ ಆ ತೊಲೆಗಳಿಗೆ ಗುರುತು ಹಾಕುತ್ತಾರೆ.

ನಿನ್ನ ಅಪ್ಪ