ಸಂಗಮದ ಊರು ಸೊರಗಿದ ಬಗೆ

ಮಾನ್ಯ ಸಂಪಾದಕರೇ,

ನದಿ ದಂಡೆಯಲ್ಲಿದ್ದರೆ ಊರು ತಾನಾಗಿ ಬೆಳೆಯುತ್ತದೆ ಎನ್ನುವವರು ಅಮೆರಿಕದ ಇಲಿನಾಯ್ ರಾಜ್ಯದ ಕೇರೋ ಪಟ್ಟಣ ನೋಡಬೇಕು. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುವಂತೆ ಅಲ್ಲಿ ಒಹಾಯೊ ಮಿಸಿಸಿಪ್ಪಿಯನ್ನು ಕೂಡುತ್ತದೆ. 1920ರಲ್ಲಿ 15,203 ಜನ, 2020ರಲ್ಲಿ 1,733! 1889ರ ರೈಲು ಸೇತುವೆ ದೋಣಿಯವರ ಕೆಲಸ ಕಿತ್ತುಕೊಂಡಿತು. 1969ರಲ್ಲಿ ಕಪ್ಪುವರ್ಣೀಯರು ತಮಗೆ ನೌಕರಿ ಕೊಡದ ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹೂಡಿದಾಗ, ಅವರಿಗೆ ನೌಕರಿ ಕೊಡುವ ಬದಲು ಎಷ್ಟೋ ಅಂಗಡಿಕಾರರು ಬಾಗಿಲನ್ನೇ ಹಾಕಿದರು. ಇದಕ್ಕೆ ನದಿ ಏನು ಮಾಡೀತು?

2011ರ ನೆರೆಯಲ್ಲಿ ಅಲ್ಲಿನ ಒಡ್ಡಿನ ಬುಡದಿಂದ ನೀರು ನುಸುಳಿ, ಊರೊಳಗೆ ಮರಳು ಬುಗ್ಗೆಯಾಗಿ ಉಕ್ಕಿತು. ಇಂಥ ಬುಗ್ಗೆಯ ಬಾಯಿ ಮುಚ್ಚಬಾರದು. ಒತ್ತಡಕ್ಕೆ ನೀರು ಪಕ್ಕದಲ್ಲೇ ಒಡೆದುಕೊಳ್ಳುತ್ತದೆ. ಸುತ್ತ ಮರಳಿನ ಚೀಲ ಪೇರಿಸಿ, ತಿಳಿನೀರು ಬರುವತನಕ ಕಟ್ಟೆ ಏರಿಸಬೇಕು. ನಮ್ಮ ಹೊಳೆದಂಡೆಯ ಪಂಚಾಯಿತಿಗಳು ಮಳೆಗಾಲಕ್ಕೆ ಮೊದಲೇ ಚೀಲ ತುಂಬಿಸಿಡಲಿ.

- ಕೆಲವು ನಿವೃತ್ತ ನೀರಾವರಿ ಇಂಜಿನಿಯರುಗಳು, ಹಾವೇರಿ