ಮುಂಬಯಿಗೆ ಬರಲಿರುವ ವಿಜಯಪುರದ ಗೆಳೆಯನಿಗೆ

ಪ್ರಿಯ ಗೆಳೆಯಾ,

ಜನವರಿಯ ಕೊನೆಯಲ್ಲಿ ಅವ್ವ, ವೈನಿ ಮತ್ತು ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನದ ಮಟ್ಟಿಗೆ ಮುಂಬಯಿಗೆ ಬರುವುದಾಗಿ ಬರೆದಿದ್ದೀಯ. ಓದಿ ಬಹಳ ಸಂತೋಷವಾಯಿತು. ಪ್ರವಾಸ ಏರ್ಪಡಿಸುವವರು ನಿನಗೆ ಕೊಟ್ಟ ಪಟ್ಟಿಯನ್ನೂ ನೋಡಿದೆ. ಗೇಟ್‌ವೇ, ಹಾಜಿ ಅಲಿ, ಜುಹೂ ದಂಡೆ, ಸಿನಿಮಾ ನಟರ ಮನೆಗಳ ಗೇಟು, ಬೋರಿವಲಿಯ ಉದ್ಯಾನ, ಇಷ್ಟನ್ನೂ ಅವರು ಒಂದೇ ದಿನಕ್ಕೆ ತುರುಕಿದ್ದಾರೆ. ಮುಂಬಯಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ, ಉತ್ತರ ದಕ್ಷಿಣವಾಗಿ ಉದ್ದಕ್ಕೆ ಬೆಳೆದ ಊರು. ಈ ತುದಿಯಿಂದ ಆ ತುದಿಗೆ ರಸ್ತೆಯ ಮೇಲೆ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ಆದ್ದರಿಂದ ಆ ಪಟ್ಟಿಯನ್ನು ಬದಿಗಿಟ್ಟು, ದಿನಕ್ಕೆ ಊರಿನ ಒಂದು ಭಾಗವನ್ನು ಮಾತ್ರ ಆರಿಸಿಕೊಂಡು ನಿಧಾನವಾಗಿ ನೋಡಿ. ಸಂಜೆಗಳನ್ನು ಮಾತ್ರ ರಂಗಮಂದಿರಗಳಿಗೆ ಮೀಸಲಿಡಿ. ಇಲ್ಲಿಯ ಜನ ತಮ್ಮ ದುಡಿಮೆಯ ನಂತರ ಮನಸ್ಸು ಹಗುರ ಮಾಡಿಕೊಳ್ಳಲು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ನೀವೂ ಹೋಗಬೇಕು ಎಂಬುದು ನನ್ನ ಆಸೆ.

ಮೊದಲ ದಿನಕ್ಕೆ ಎಲ್ಲಿಗೂ ದೂರ ಹೋಗಬೇಕಾಗಿಲ್ಲ. ಸೊಲ್ಲಾಪುರದ ಮೇಲೆ ಬರುವ ನಿಮ್ಮ ರೈಲು ಬಂದು ನಿಲ್ಲುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸೇ ನೋಡಬೇಕಾದ ಮೊದಲ ಸ್ಥಳ. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸಗೊಳಿಸಿದ, 1878ರಲ್ಲಿ ಕೆಲಸ ಆರಂಭವಾಗಿ ಮುಗಿಯಲು ಹತ್ತು ವರ್ಷ ಹಿಡಿದ ಈ ಕಟ್ಟಡ 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊರಗೆ ಬಂದು ರಸ್ತೆಯ ಆಚೆ ಬದಿಗೆ ನಿಂತು ತಲೆಯೆತ್ತಿ ನೋಡಿರಿ. ಹೆಬ್ಬಾಗಿಲಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕುಳಿತಿವೆ; ಗೋಡೆಗಳ ತುಂಬ ಕಲ್ಲಿನ ಎಲೆ, ಬಳ್ಳಿ, ಹಕ್ಕಿ, ಪ್ರಾಣಿಗಳಿವೆ. ಈ ಕೆತ್ತನೆಯಲ್ಲಿ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈವಾಡವೂ ಇದೆ. ಮಕ್ಕಳಿಗೆ ಪ್ರಾಣಿಗಳನ್ನು ಹುಡುಕಲು ಹಚ್ಚಿದರೆ ಅವರು ಬೇಗ ಹೊರಡಲಿಕ್ಕೆ ಒಪ್ಪುವುದಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ನಿನಗೆ ಗುರುತಿನ ಒಂದು ಆಕಾರ ಎದುರಾಗುತ್ತದೆ. ಅದು 1913ರಲ್ಲಿ ಪೂರ್ಣಗೊಂಡ ಪ್ರಧಾನ ಅಂಚೆ ಕಚೇರಿ. ವಾಸ್ತುಶಿಲ್ಪಿ ಜಾನ್ ಬೆಗ್ ಅದರ ನಡುವಿನ ಗುಮ್ಮಟಕ್ಕೆ ನಮ್ಮ ಆದಿಲಶಾಹಿ ಕಟ್ಟಡಗಳನ್ನು, ಅದರಲ್ಲೂ ಗೋಲಗುಮ್ಮಟವನ್ನು ಮಾದರಿಯಾಗಿ ಇಟ್ಟುಕೊಂಡಿದ್ದ. ಅಂಚೆ ಕಚೇರಿಯೆಂದು ಪ್ರವಾಸಿಗರು ಅದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ನೀವು ಮಾತ್ರ ಒಳಗೆ ಹೋಗಿ, ಗುಮ್ಮಟದ ಕೆಳಗಿನ ದೊಡ್ಡ ಪಡಸಾಲೆಯಲ್ಲಿ ನಿಂತು ಮೇಲೆ ನೋಡಿ, ಊರಿನಲ್ಲಿರುವವರಿಗೆ ಒಂದು ಕಾರ್ಡು ಬರೆದು ಅಲ್ಲಿಯೇ ಡಬ್ಬಿಗೆ ಹಾಕಿರಿ.

ಅಲ್ಲಿಂದ ದಕ್ಷಿಣಕ್ಕೆ ಹುತಾತ್ಮಾ ಚೌಕ ದಾಟಿ ಕಾಲಾ ಘೋಡಾದವರೆಗೆ ನಡೆದೇ ಹೋಗಬಹುದು. ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಮಾರುವವರು ಸಿಗುತ್ತಾರೆ. ಈ ಓಣಿಗಳಲ್ಲಿಯೇ, ಈಗ ಬಹಳ ಜೀರ್ಣವಾಗಿರುವ ವಾಟ್ಸನ್ ಹೋಟೆಲಿನಲ್ಲಿ, 1896ರ ಜುಲೈ 7ರಂದು ಲುಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲ ಬಾರಿಗೆ ತೋರಿಸಿದರು. ಸಿನಿಮಾ ಎಂದರೆ ಪ್ರಾಣ ಬಿಡುವ ನಿನ್ನ ಮಗಳಿಗೆ ಆ ಕಟ್ಟಡವನ್ನು ಹೊರಗಿನಿಂದಲಾದರೂ ತೋರಿಸು. ನಟರ ಮನೆಯ ಮುಚ್ಚಿದ ಗೇಟಿನ ಮುಂದೆ ನಿಲ್ಲುವುದಕ್ಕಿಂತ ಇದು ಎಷ್ಟೋ ಮೇಲು. ಇನ್ನೂ ಸಮಯವಿದ್ದರೆ ಪೆಡ್ಡರ್ ರಸ್ತೆಯ ಫಿಲ್ಮ್ಸ್ ಡಿವಿಜನ್ ಆವರಣದಲ್ಲಿ 2019ರಲ್ಲಿ ಉದ್ಘಾಟನೆಯಾದ ಭಾರತೀಯ ಸಿನಿಮಾ ರಾಷ್ಟ್ರೀಯ ವಸ್ತು ಸಂಗ್ರಹಾಲಯಕ್ಕೂ ಹೋಗಬಹುದು.

ಕಾಲಾ ಘೋಡಾದ ಪಕ್ಕದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ; ಈ ಪತ್ರದಲ್ಲಿ ನಾನು ಒತ್ತಿ ಹೇಳುವ ಜಾಗಗಳಲ್ಲಿ ಇದೂ ಒಂದು. ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದು ಕರೆಯುತ್ತಿದ್ದ ಈ ಕಟ್ಟಡಕ್ಕೆ 1905ರಲ್ಲಿ ಅಡಿಗಲ್ಲು ಬಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಇದು ಆಸ್ಪತ್ರೆಯಾಗಿತ್ತು, 1922ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಗೇಟ್‌ವೇ ಆಫ್ ಇಂಡಿಯಾದ ವಿನ್ಯಾಸ ಮಾಡಿದ ಜಾರ್ಜ್ ವಿಟೆಟ್‌ನದೇ ಇದರ ವಿನ್ಯಾಸವೂ. ನಡುವಿನ ಅಂಕಣದಲ್ಲಿ ನಿಂತು ಮೇಲೆ ನೋಡಿದರೆ, ಒಂದನ್ನೊಂದು ಹಾಯ್ದು ಗುಮ್ಮಟವನ್ನು ಹೊತ್ತ ಕಮಾನುಗಳು ಕಾಣುತ್ತವೆ. ಅವೂ ವಿಜಯಪುರದ ಕಟ್ಟುಗಾರಿಕೆಯಿಂದಲೇ ಬಂದವು. ನಂತರ ಶಿಲ್ಪಗಳ ವಿಭಾಗಕ್ಕೆ ಹೋಗಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛತ್ತಿನ ಕಲ್ಲುಗಳನ್ನು ಹುಡುಕು. ಐಹೊಳೆ ಬ್ರಿಟಿಷರ ಕಾಲದಲ್ಲಿ ವಿಜಯಪುರ ಜಿಲ್ಲೆಯಲ್ಲಿತ್ತು, ಆ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಾಗಾಗಿ ಅವು ಇಲ್ಲಿಗೆ ಬಂದು ಸೇರಿದವು. ಗುಡಿಯಲ್ಲಿದ್ದಾಗ ಕತ್ತು ಹಿಂದಕ್ಕೆ ಚೆಲ್ಲಿ ನೋಡಬೇಕಾಗಿದ್ದ ಬ್ರಹ್ಮ ಇಲ್ಲಿ ನಮ್ಮ ಕಣ್ಣಿನ ಮಟ್ಟಕ್ಕೆ ಇಳಿದುಬಂದಿದ್ದಾನೆ. ಸುತ್ತಲಿನ ಋಷಿಗಳ ಮುಖ, ಕೈಬೆರಳು, ಆಭರಣದ ಒಂದೊಂದು ಎಳೆ ಸ್ಪಷ್ಟವಾಗಿ ಕಾಣುತ್ತದೆ. ಕಲ್ಲುಗಳು ತಮ್ಮ ಗುಡಿಯಿಂದ ದೂರವಾದವಲ್ಲ ಎಂಬ ಸಂಕಟ ನನಗೆ ಪ್ರತಿ ಸಲವೂ ಆಗುತ್ತದೆ. ಆದರೂ ಇಷ್ಟು ಹತ್ತಿರದಿಂದ ಐಹೊಳೆಯ ಶಿಲ್ಪಿಯ ಕೈಯನ್ನು ನೋಡುವ ಅವಕಾಶ ಐಹೊಳೆಯಲ್ಲಿಯೂ ಇರಲಿಲ್ಲ.

ಪಕ್ಕದಲ್ಲೇ ಇರುವ ಜಹಾಂಗೀರ್ ಕಲಾ ಗ್ಯಾಲರಿ 1952ರಿಂದ ನಡೆಯುತ್ತಿದೆ, ಪ್ರವೇಶಕ್ಕೆ ಹಣವಿಲ್ಲ. ನೀವು ಬರುವ ಹೊತ್ತಿಗೆ ಕಾಲಾ ಘೋಡಾ ಕಲಾ ಉತ್ಸವವೂ ಆರಂಭವಾಗಿರಬಹುದು. ರಸ್ತೆ ತುಂಬ ಕಲಾಕೃತಿ, ಕುಣಿತ, ಹಾಡು ಇರುತ್ತವೆ. ಆದರೆ ಶನಿವಾರ ರವಿವಾರಗಳ ಸಂಜೆ ಕಾಲಿಡಲು ಸ್ಥಳವಿರುವುದಿಲ್ಲವಾದ್ದರಿಂದ, ಅವ್ವನನ್ನು ಕರೆದುಕೊಂಡು ಹೋಗುವುದಾದರೆ ವಾರದ ನಡುವಿನ ಬೆಳಗಿನ ಹೊತ್ತೇ ಸರಿ.

ಎರಡನೆಯ ದಿನ ಗುಹಾಲಯಗಳ ದ್ವೀಪ ಎಲಿಫೆಂಟಾ. ಸೋಮವಾರ ಅದು ಮುಚ್ಚಿರುತ್ತದೆ. ಸಿನಿಮಾ ಸಂಗ್ರಹಾಲಯಕ್ಕೂ ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೂ ಸೋಮವಾರವೇ ರಜೆ, ಇದನ್ನು ಮರೆಯಬೇಡ. ಗೇಟ್‌ವೇಯಿಂದ ಬೆಳಗಿನ ಮೊದಲ ಲಾಂಚುಗಳಲ್ಲಿ ಒಂದನ್ನು ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ದ್ವೀಪ ಸೇರುತ್ತೀರಿ. ಚಳಿಗಾಲದಲ್ಲಿ ಕಡಲಹಕ್ಕಿಗಳು ಗುಂಪುಗುಂಪಾಗಿ ಲಾಂಚಿನ ಜೊತೆಗೇ ಹಾರುತ್ತ ಬರುತ್ತವೆ. ಜನ ಅವುಗಳಿಗೆ ಕುರುಕಲು ತಿಂಡಿ ಎಸೆಯುತ್ತಾರೆ, ಮಕ್ಕಳು ಹಾಗೆ ಮಾಡದಂತೆ ನೋಡಿಕೊ. ಧಕ್ಕೆಯಿಂದ ಮೆಟ್ಟಿಲ ಬುಡದವರೆಗೆ ಚಿಕ್ಕ ರೈಲು ಇದೆ, ಆಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ಅವ್ವನಿಗೆ ಏರಲು ಆಗದಿದ್ದರೆ ಹೊತ್ತು ಒಯ್ಯುವ ಕುರ್ಚಿಯವರು ಸಿಗುತ್ತಾರೆ. ದರವನ್ನು ಹೋಗಿ ಬರುವುದಕ್ಕೆ ಸೇರಿಸಿ ಮೊದಲೇ ಮಾತಾಡಿಕೊಳ್ಳಬೇಕು.

ದೊಡ್ಡ ಗುಹೆಯೊಳಗೆ ಹೋದ ಕೂಡಲೇ ಫೋಟೊ ತೆಗೆಯಲು ಅವಸರಪಡದೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿರಿ. ಸುಮಾರು ಆರು ಮೀಟರ್ ಎತ್ತರದ ಸದಾಶಿವ ಆಗ ಹಿಂಗೋಡೆಯಿಂದ ನಿಧಾನವಾಗಿ ಮೂಡಿಬರುತ್ತಾನೆ. ನಡುವೆ ಶಾಂತಮುಖ, ನಮ್ಮ ಎಡಕ್ಕೆ ಹುಬ್ಬು ಗಂಟಿಕ್ಕಿದ ಅಘೋರ, ಬಲಕ್ಕೆ ಹೆಣ್ತನದ ಮೃದುತ್ವವಿರುವ ವಾಮದೇವ. ಒಂದು ಬದಿಗೆ ಅರ್ಧನಾರೀಶ್ವರ, ಇನ್ನೊಂದು ಬದಿಗೆ ಗಂಗೆಯನ್ನು ಧರಿಸಿದ ಶಿವ. ಬಾದಾಮಿಯ ಗುಹೆಗಳನ್ನು ನೋಡಿ ಬೆಳೆದ ನಮಗೆ ಇದು ಪರಕೀಯವಲ್ಲ; ಹೆಚ್ಚುಕಡಿಮೆ ಅದೇ ಆರನೆಯ ಶತಮಾನದ ಕೆಲಸ. ಅಲ್ಲಿಯದು ಕೆಂಪು ಮರಳುಗಲ್ಲು, ಇಲ್ಲಿಯದು ಕಪ್ಪು ಬಸಾಲ್ಟು. ಅನೇಕ ಶಿಲ್ಪಗಳ ಕೈಕಾಲು ಮುರಿದಿರುವುದನ್ನು ನೋಡಿದರೆ ಕರುಳು ಚುರುಕ್ಕೆನ್ನುತ್ತದೆ. ದ್ವೀಪಕ್ಕೆ ಈ ಹೆಸರು ಬರಲು ಕಾರಣವಾದ ಕಲ್ಲಿನ ಆನೆ ಈಗ ದ್ವೀಪದಲ್ಲಿಲ್ಲ, ಬೈಕುಲಾದ ಭಾವು ದಾಜಿ ಲಾಡ್ ವಸ್ತು ಸಂಗ್ರಹಾಲಯದ ಆವರಣದಲ್ಲಿದೆ. ಮಕ್ಕಳು ಪೆಂಗ್ವಿನ್ ನೋಡಲು ಹಟ ಹಿಡಿದರೆ ಪಕ್ಕದಲ್ಲೇ ಇರುವ ಪ್ರಾಣಿಸಂಗ್ರಹಾಲಯಕ್ಕೆ ಹೋಗುವಾಗ ಆ ಆನೆಯನ್ನೂ ನೋಡಿ ಬರಬಹುದು. ಅಲ್ಲಿ ಬುಧವಾರ ರಜೆ.

ಇನ್ನು ಸಂಜೆಗಳ ಮಾತು. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತು ಸೂರ್ಯಾಸ್ತ ನೋಡುವುದು, ಗಿರಗಾಂವ ಚೌಪಾಟಿಯಲ್ಲಿ ಭೇಳಪುರಿ ತಿನ್ನುವುದು ಇವನ್ನೆಲ್ಲ ನಾನು ಹೇಳಬೇಕಾಗಿಲ್ಲ, ಅವು ತಾವಾಗಿಯೇ ಆಗುತ್ತವೆ. ಆದರೆ ಒಂದು ಸಂಜೆಯನ್ನು ಮರಾಠಿ ನಾಟಕಕ್ಕೆ ಕೊಡಲೇಬೇಕು. ಅವ್ವನಿಗೆ ಮರಾಠಿ ಚೆನ್ನಾಗಿ ತಿಳಿಯುತ್ತದೆ, ನಿನಗೂ ಅಷ್ಟಿಷ್ಟು ಬರುತ್ತದೆ. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಯ ಅರಮನೆಯಲ್ಲಿ ಆಡಿ ತೋರಿಸಿದ ಆಟವನ್ನು ಮೆಚ್ಚಿದ ಅಲ್ಲಿಯ ರಾಜರು ಮರಾಠಿಯಲ್ಲಿಯೂ ಅಂಥದೊಂದು ಆಗಲಿ ಎಂದದ್ದರಿಂದಲೇ ವಿಷ್ಣುದಾಸ ಭಾವೆ 1843ರಲ್ಲಿ ತಮ್ಮ ಮೊದಲ ನಾಟಕವನ್ನು ರಂಗಕ್ಕೆ ತಂದರು. ಸಂಗೀತ ನಾಟಕಕ್ಕೆ ಗಟ್ಟಿ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹೀಗಾಗಿ ಈ ರಂಗಭೂಮಿಯ ಮುಂದೆ ಕುಳಿತಾಗ ನಾವು ಪರರ ಮನೆಗೆ ಬಂದ ಹಾಗೆ ನನಗೆ ಅನಿಸುವುದೇ ಇಲ್ಲ.

ದಾದರಿನ ಶಿವಾಜಿ ಮಂದಿರಕ್ಕೆ ಬನ್ನಿರಿ. ಯಾವ ದಿನ ಯಾವ ನಾಟಕ ಎಂಬುದು ಮರಾಠಿ ಪತ್ರಿಕೆಗಳ ಜಾಹೀರಾತಿನಲ್ಲಿ ಸಿಗುತ್ತದೆ. ಆರಂಭಕ್ಕೆ ಮುಂಚೆ ಘಂಟೆ ಬಾರಿಸುತ್ತಾರೆ. ಮೂರನೆಯ ಘಂಟೆಯಾಯಿತೆಂದರೆ ಅಲ್ಲಿಯವರೆಗೆ ಸೀರೆಯಂಗಡಿ, ಮಗನ ಪರೀಕ್ಷೆ ಎಂದು ಮಾತಾಡುತ್ತಿದ್ದ ಇಡೀ ಸಭೆ ಒಮ್ಮೆಲೇ ಮೌನವಾಗುತ್ತದೆ. ಮಧ್ಯಂತರದಲ್ಲಿ ಬಿಸಿ ಬಟಾಟೆ ವಡೆಗಾಗಿ ಮುಗಿಬೀಳುವ ಅದೇ ಜನ, ಒಂದು ಕೈಯಲ್ಲಿ ವಡೆ ಹಿಡಿದು ನಾಯಕನಟನ ಮೊದಲ ಅಂಕದ ಅಭಿನಯವನ್ನು ಗಂಭೀರವಾಗಿ ಅಳೆದು ತೂಗುತ್ತಾರೆ. ನಾಟಕವನ್ನು ಊಟದಷ್ಟೇ ಸಹಜವಾದ ಅಗತ್ಯವೆಂದು ತಿಳಿದವರು ಇವರು.

ನಿನಗೂ ವೈನಿಗೂ ಇನ್ನೊಂದು ಸಂಜೆ ಬಿಡುವಾದರೆ ಜುಹೂವಿನ ಪೃಥ್ವಿ ಥಿಯೇಟರ್ ಇದೆ. ಶಶಿ ಕಪೂರ್ ಮತ್ತು ಜೆನಿಫರ್ ಕಪೂರ್ ದಂಪತಿ ಪೃಥ್ವಿರಾಜ್ ಕಪೂರರ ನೆನಪಿಗಾಗಿ 1978ರಲ್ಲಿ ಕಟ್ಟಿಸಿದ ಇದು ಬಹಳ ಚಿಕ್ಕ ರಂಗಮಂದಿರ. ರಂಗದ ಮೂರು ಬದಿಗೂ ಪ್ರೇಕ್ಷಕರಿರುವುದರಿಂದ ನಟನ ಉಸಿರಾಟವೂ ಕೇಳಿಸುತ್ತದೆ. ತಡವಾಗಿ ಬಂದವರನ್ನು, ಅವರು ಯಾರೇ ಆಗಿರಲಿ, ಒಳಗೆ ಬಿಡುವುದಿಲ್ಲ. ಶಾಸ್ತ್ರೀಯ ಸಂಗೀತ ಬೇಕಾದರೆ ನರಿಮನ್ ಪಾಯಿಂಟಿನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದ (ಎನ್‌ಸಿಪಿಎ) ಕಾರ್ಯಕ್ರಮ ಪಟ್ಟಿಯನ್ನು ನೋಡು. 1911ರಲ್ಲಿ ಉದ್ಘಾಟನೆಯಾಗಿ, ದಶಕಗಳ ಕಾಲ ಮುಚ್ಚಿದ್ದು, 2016ರಲ್ಲಿ ಮತ್ತೆ ತೆರೆದ ರಾಯಲ್ ಒಪೆರಾ ಹೌಸಿನಲ್ಲಿ ಯಾವುದಾದರೂ ಕಾರ್ಯಕ್ರಮವಿದ್ದರೆ ಆ ಒಳಾಂಗಣವನ್ನು ನೋಡುವುದಕ್ಕಾಗಿಯಾದರೂ ಹೋಗಬಹುದು. ಬಾಂದ್ರಾ ಕುರ್ಲಾ ಸಂಕೀರ್ಣದ ಹೊಸ ಸಾಂಸ್ಕೃತಿಕ ಕೇಂದ್ರ ಭವ್ಯವಾಗಿದೆ, ಟಿಕೆಟ್ಟಿನ ದರವೂ ಅದಕ್ಕೆ ತಕ್ಕಂತಿದೆ. ನಿಮ್ಮ ನಾಲ್ಕು ದಿನದಲ್ಲಿ ಅದಕ್ಕೆ ಜಾಗ ಮಾಡಬೇಕೆಂದು ನನಗೆ ಅನಿಸುವುದಿಲ್ಲ.

ಊಟಕ್ಕೆ ಒಂದು ಮಧ್ಯಾಹ್ನ ಮಾಟುಂಗಾಕ್ಕೆ ಬನ್ನಿರಿ. ಸ್ಟೇಶನ್ನಿನ ಪಕ್ಕದಲ್ಲಿ 1942ರಲ್ಲಿ ಆರಂಭವಾದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಈಗಲೂ ಬಾಳೆಲೆಯ ಊಟ ಸಿಗುತ್ತದೆ. ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಊರು ಇದು. ಅಲ್ಲೇ ಸಮೀಪದ ಮೈಸೂರು ಅಸೋಸಿಯೇಷನ್ನಿನಲ್ಲಿ ಆ ದಿನ ಏನಾದರೂ ಕನ್ನಡ ಕಾರ್ಯಕ್ರಮವಿದೆಯೇ ಎಂದು ನಾನು ವಿಚಾರಿಸಿಟ್ಟಿರುತ್ತೇನೆ. ಅವ್ವನಿಗೆ ಜೋಳದ ರೊಟ್ಟಿಯಿಲ್ಲದೆ ಹೇಗೆಂಬ ಚಿಂತೆ ಬೇಡ. ಮರಾಠಿ ಖಾನಾವಳಿಗಳಲ್ಲಿ ಜೋಳದ ಭಾಕರಿ ಮತ್ತು ಝುಣಕ ಧಾರಾಳವಾಗಿ ಸಿಗುತ್ತವೆ. ಮಕ್ಕಳಿಗೆ ಮರೀನ್ ಲೈನ್ಸ್ ಬಳಿಯ ಕಯಾನಿಯಂಥ ಹಳೆಯ ಇರಾಣಿ ಹೋಟೆಲಿನ ಬನ್ ಮಸ್ಕಾ ಮತ್ತು ಚಹಾ ಹಿಡಿಸುತ್ತದೆ. ಅದು 1904ರಿಂದ ನಡೆಯುತ್ತ ಬಂದಿದೆ.

ಓಡಾಟದ ಬಗ್ಗೆ ಎರಡು ಮಾತು. ಲೋಕಲ್ ರೈಲನ್ನು ಒಮ್ಮೆಯಾದರೂ ಹತ್ತಬೇಕು, ಆದರೆ ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟೂವರೆಯವರೆಗೆ ಅದರ ಹತ್ತಿರ ಸುಳಿಯಬೇಡಿ. ಮಧ್ಯಾಹ್ನದ ಸ್ಲೋ ಗಾಡಿಯಲ್ಲಿ ಕುಳಿತುಕೊಳ್ಳಲು ಜಾಗವೂ ಸಿಗುತ್ತದೆ, ಕಿಟಕಿಯೂ ಸಿಗುತ್ತದೆ. ಮಾಹಿಮ್ ಮತ್ತು ಸಾಯನ್‌ನಿಂದ ದಕ್ಷಿಣಕ್ಕೆ ಆಟೊ ರಿಕ್ಷಾಗಳಿಗೆ ಪರವಾನಗಿಯಿಲ್ಲ, ಅಲ್ಲಿ ಕಪ್ಪು ಹಳದಿ ಟ್ಯಾಕ್ಸಿಯನ್ನೇ ಹಿಡಿಯಬೇಕು. ಹಾಜಿ ಅಲಿ ದರ್ಗಾಕ್ಕೆ ಹೋಗುವ ಹಾದಿ ಭರತದ ಹೊತ್ತಿನಲ್ಲಿ ನೀರಿನಡಿ ಹೋಗುವುದರಿಂದ ಆ ದಿನದ ಉಬ್ಬರ ಇಳಿತದ ಸಮಯವನ್ನು ಕೇಳಿಕೊಂಡೇ ಹೊರಡಿ.

ರೈಲಿನ ಟಿಕೆಟ್ಟು ಖಾತ್ರಿಯಾದ ಕೂಡಲೇ ನನಗೆ ತಿಳಿಸು. ಶಿವಾಜಿ ಮಂದಿರದಲ್ಲಿ ಮುಂದಿನ ಸಾಲುಗಳು ಬೇಗ ಭರ್ತಿಯಾಗುತ್ತವೆ. ಅವ್ವನಿಗೆ ಮೆಟ್ಟಿಲು ಏರದೆ ತಲುಪುವ ಜಾಗ ಬೇಕಾಗುವುದರಿಂದ ಬುಕಿಂಗ್ ತೆರೆದ ದಿನವೇ ನಾನು ಹೋಗಿ ಐದು ಸೀಟು ತೆಗೆದಿಡುತ್ತೇನೆ. ಹಾಸ್ಯ ನಾಟಕವೋ, ಸಂಗೀತ ನಾಟಕವೋ ಎಂಬುದನ್ನು ಅವ್ವನನ್ನೇ ಕೇಳಿ ಬರೆ.

ನಿನ್ನ ಗೆಳೆಯ