ಬಟನ್ ಮುಟ್ಟದೆ ಬೋರ್ಡ್ ಎಬ್ಬಿಸಿಕೊಟ್ಟವರಿಗೆ

ರಾತ್ರಿ ಹನ್ನೊಂದಕ್ಕೆ, ದೂರದಿಂದ ಟೆಸ್ಟ್ ಮಾಡುತ್ತಿದ್ದ ಕಂಪ್ಯೂಟರ್ ಬೋರ್ಡಿಗೆ ರೀಬೂಟ್ ಬದಲು ಪವರ್‌ಆಫ್ ಹೊಡೆದುಬಿಟ್ಟೆ. ಬೋರ್ಡ್ ಲ್ಯಾಬಿನಲ್ಲಿ, ನಾನು ಮನೆಯಲ್ಲಿ. ಕರೆಂಟ್ ತೆಗೆದು ಕೊಟ್ಟರೂ ಏಳದ ಜಾತಿ ಅದು, ಬಟನ್ ಒತ್ತಲೇಬೇಕು. ಬೆಳಿಗ್ಗೆಯೊಳಗೆ ಟೆಸ್ಟ್ ಮುಗಿಯಬೇಕಿತ್ತು.

ಫೋನ್ ಎತ್ತಿದ್ದು ರಾತ್ರಿ ಪಾಳಿಯ ಟೆಕ್ನಿಷಿಯನ್. ಗಾಬರಿಯಲ್ಲಿ ಹೆಸರೂ ಕೇಳಲಿಲ್ಲ. ಸುಮ್ನೆ ಬಟನ್ ಒತ್ತಿ ಹೋಗಬಹುದಿತ್ತು, ಅಲ್ವಾ? "ನಾಳೆ ಮತ್ತೆ ಹೀಗೇ ಆದ್ರೆ?" ಅಂದರು. ಬಟನ್‌ನ ಎರಡು ಕಾಲಿಗೆ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಕೆಲಸ ಮಾಡುವ ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್) ಬೆಸುಗೆ ಹಾಕಿ, 330 ಓಮ್ ರೆಸಿಸ್ಟರ್ ಮೂಲಕ ಪಕ್ಕದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ, ಪ್ರೋಗ್ರಾಮಿನಿಂದ ಆನ್-ಆಫ್ ಮಾಡಬಹುದಾದ ಜಿಪಿಐಒ ಪಿನ್‌ಗೆ ಸೇರಿಸಿದರು. ಮೀಟರ್ ಹಿಡಿದು ಎರಡು ಸಲ ನೋಡಿದರು. ವೈರಿಗೆ ಪಿನ್ ನಂಬರಿನ ಚೀಟಿ ಅಂಟಿಸಿ ಫೋಟೊ ಕಳಿಸಿದರು.

"ಈಗ ನೀವೇ ಒತ್ತಿ."

ಮನೆಯಿಂದಲೇ ಆ ಪಿನ್ ಅರ್ಧ ಸೆಕೆಂಡ್ ಹೈ (ಆನ್) ಮಾಡಿದೆ. ಬೋರ್ಡಿನ ಸಂದೇಶ ತೋರಿಸುವ ಸೀರಿಯಲ್ ಕನ್ಸೋಲಿನಲ್ಲಿ ಅಕ್ಷರಗಳು ಓಡತೊಡಗಿದವು. ಆಗಲೇ ನಾನು ಉಸಿರು ಬಿಟ್ಟಿದ್ದು. ಚೀಟಿ ಇನ್ನೂ ಅಲ್ಲೇ ಇದೆ. ಥ್ಯಾಂಕ್ಸ್ ಸರ್.